ಊರ ನೀರಿನ ಅಂಕಿ ಎಲ್ಲಿದೆ?

ಜಮಖಂಡಿ, ಮುಧೋಳ, ಬೀಳಗಿ ಮತ್ತು ರಬಕವಿ-ಬನಹಟ್ಟಿ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗೆ, ನೀರು-ನೈರ್ಮಲ್ಯ ಸಮಿತಿಯ ಅಕ್ಕ, ಅಣ್ಣಂದಿರಿಗೆ,

ನೀರು ಶುದ್ಧ ಮಾಡುವ ಯಂತ್ರ ಮಾರಲು ಊರೂರು ತಿರುಗುವವರ ಚೀಲದಲ್ಲಿ ಒಂದು ಪುಟ್ಟ ಸಾಧನ ಇರುತ್ತದೆ. ಪಡಸಾಲೆಯಲ್ಲಿ ಎರಡು ಗ್ಲಾಸು ಇಡಿಸುತ್ತಾರೆ. ಒಂದರಲ್ಲಿ ಮನೆಯ ನಳದ ನೀರು, ಇನ್ನೊಂದರಲ್ಲಿ ಅವರ ಯಂತ್ರದ ನೀರು. ಎರಡಕ್ಕೂ ಲೋಹದ ಕಡ್ಡಿ ಇಳಿಬಿಟ್ಟು ಸ್ವಿಚ್ ಒತ್ತಿದರೆ ನಳದ ನೀರು ಒಂದೆರಡು ನಿಮಿಷದಲ್ಲೇ ಕಂದು ಕೆಸರಾಗುತ್ತದೆ. ಯಂತ್ರದ ನೀರು ತಿಳಿಯಾಗಿಯೇ ಉಳಿಯುತ್ತದೆ. ‘ನೋಡ್ರಿ, ಇದನ್ನ ನೀವು ದಿನಾ ಕುಡಿಯಾಕತ್ತೀರಿ’ ಎಂದು ಮಾರುವವ ಹೇಳುವಷ್ಟರಲ್ಲಿ ಮನೆಯವರ ಮುಖ ಬಾಡಿರುತ್ತದೆ. ಅಸಲಿಗೆ ಆ ಕೆಸರು ನೀರಿನಲ್ಲಿ ಇದ್ದದ್ದೇ ಅಲ್ಲ. ಕಡ್ಡಿಯ ಕಬ್ಬಿಣ ಕರೆಂಟಿಗೆ ಕರಗಿ ತುಕ್ಕಾಗಿ ತೇಲಿದ್ದು. ಲವಣ ಇರುವ ನೀರಿನಲ್ಲಿ ಕರೆಂಟು ಸರಾಗ ಹರಿಯುತ್ತದೆ, ಲವಣ ತೆಗೆದ ನೀರಿನಲ್ಲಿ ಹೆಚ್ಚುಕಮ್ಮಿ ಹರಿಯುವುದೇ ಇಲ್ಲ. ಅವರ ಗ್ಲಾಸಿಗೆ ಚಿಟಿಕೆ ಉಪ್ಪು ಹಾಕಿ ‘ಈಗ ಮಾಡಿ ತೋರಸ್ರಿ’ ಎಂದರೆ ಅದೂ ಕೆಸರಾಗುತ್ತದೆ.

ಮೋಸಕ್ಕೆ ಬಳಸಿದ ಇದೇ ವಿದ್ಯೆಯನ್ನು ನೆಟ್ಟಗೆ ಬಳಸಿದರೆ, ಕಣ್ಣಿಗೆ ಕಾಣದ, ನಾಲಿಗೆಗೆ ಹತ್ತದ ವಿಷವನ್ನು ಅಂಕಿಯಲ್ಲಿ ಹೇಳಬಹುದು. ನೀರಿಗೆ ಇಳಿಸಿದ ಎಲೆಕ್ಟ್ರೋಡ್ ಮೇಲೆ ಒಂದು ನಿರ್ದಿಷ್ಟ ರಾಸಾಯನಿಕ ಬಂದು ತಾಗಿದಾಗ ಹುಟ್ಟುವ ಸಣ್ಣ ವೋಲ್ಟೇಜನ್ನೋ ಕರೆಂಟನ್ನೋ ಅಳೆಯುವುದು, ಇಷ್ಟೇ ಎಲೆಕ್ಟ್ರೋಕೆಮಿಕಲ್ ಸೆನ್ಸರಿನ ಕೆಲಸ. ಸಕ್ಕರೆ ಕಾಯಿಲೆಯವರು ಇರುವ ಮನೆಗಳಲ್ಲಿ ಅದು ಆಗಲೇ ಬಂದು ಕೂತಿದೆ. ಬೆರಳು ಚುಚ್ಚಿ ರಕ್ತದ ಹನಿ ಮುಟ್ಟಿಸುವ ಪಟ್ಟಿಯ ತುದಿಯಲ್ಲಿ ಕಿಣ್ವದ ಲೇಪ ಇರುತ್ತದೆ. ಆ ಕಿಣ್ವ ಗ್ಲೂಕೋಸಿನಿಂದ ಎಲೆಕ್ಟ್ರಾನು ಕಿತ್ತು ಕೊಡುತ್ತದೆ, ಮೀಟರು ಅದನ್ನು ಎಣಿಸಿ ‘184’ ಎಂದು ತೋರಿಸುತ್ತದೆ. ಈ ಬಗೆಯ ಮೊದಲ ಮೀಟರು ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರೊ. ನವಕಾಂತ ಭಟ್ ಮತ್ತು ಅವರ ಜೊತೆಯವರು ಇದೇ ದಾರಿಯಲ್ಲಿ ಮುಂದೆ ಹೋಗಿ, ಗ್ಲೂಕೋಸಿನ ಜೊತೆಗೆ ಇನ್ನೂ ಹಲವು ಪರೀಕ್ಷೆಗಳನ್ನು ಅಂಗೈ ಅಗಲದ ಉಪಕರಣಕ್ಕೆ ತಂದರು. ಸೆನ್ಸರ್ ಸಂಶೋಧನೆಗಾಗಿ ಅವರಿಗೆ 2018ರ ಇನ್ಫೋಸಿಸ್ ಪ್ರಶಸ್ತಿ ಬಂತು. ಬೆರಳಿನ ರಕ್ತದ ಸಕ್ಕರೆ ಮನೆಯಲ್ಲೇ ಗೊತ್ತಾಗುವ ಕಾಲದಲ್ಲಿ ಊರ ಬೋರಿನ ನೈಟ್ರೇಟ್ ಎಷ್ಟೆಂದು ಊರಿಗೇ ಗೊತ್ತಿಲ್ಲದಿರುವುದು ಯಾಕೆ ಎಂಬುದೇ ಈ ಪತ್ರದ ತಕರಾರು.

ನಾಲ್ಕು ತಾಲ್ಲೂಕುಗಳ ಹೆಸರೇ ಯಾಕೆ ಎಂದು ಕೇಳಬಹುದು. ಮಹಾರಾಷ್ಟ್ರದ ಊರುಗಳನ್ನೆಲ್ಲ ದಾಟಿ ಬರುವ ಕೃಷ್ಣೆ ರಬಕವಿ, ಜಮಖಂಡಿ ಸೀಮೆಯಲ್ಲಿ ಹಿಪ್ಪರಗಿ ಬ್ಯಾರೇಜಿನ ಹಿಂದೆ ನಿಲ್ಲುತ್ತದೆ. ಗೋಕಾಕದಿಂದ ಇಳಿದ ಘಟಪ್ರಭೆ ಮುಧೋಳ, ಬೀಳಗಿ ದಾಟಿ ಚಿಕ್ಕಸಂಗಮದಲ್ಲಿ ಕೃಷ್ಣೆಗೆ ಸೇರುತ್ತದೆ. ಎರಡು ಹೊಳೆಗಳ ನಡುವೆ ಕಬ್ಬು, ಕಬ್ಬಿನ ನಡುವೆ ಸಕ್ಕರೆ ಕಾರ್ಖಾನೆ, ಅದರ ಮಗ್ಗುಲಲ್ಲಿ ಡಿಸ್ಟಿಲರಿ. ರಬಕವಿ-ಬನಹಟ್ಟಿಯಲ್ಲಿ ಮಗ್ಗ, ಮಗ್ಗದ ಹಿಂದೆ ನೂಲಿನ ಬಣ್ಣ. ಲೋಕಾಪುರ-ಮುಧೋಳದ ಕಡೆ ಸುಣ್ಣದ ಕಲ್ಲು, ಸಿಮೆಂಟು. ಆಲಮಟ್ಟಿ ಹಿನ್ನೀರಿಗೆ ಊರು ಬಿಟ್ಟುಕೊಟ್ಟು ಪುನರ್ವಸತಿ ಕೇಂದ್ರಗಳಿಗೆ ಬಂದ ಬೀಳಗಿ ಸೀಮೆಯವರಿಗಂತೂ ಹಳೆಯ ಬಾವಿಯ ನೀರಿನ ಗುಣವೂ ಕೈಬಿಟ್ಟು ಹೋಯಿತು. ನೀರು ಇಲ್ಲ ಎಂಬ ಕೂಗು ಈ ಭಾಗದಲ್ಲಿ ಈಗ ಬೇಸಿಗೆಯದು ಮಾತ್ರ. ನೀರಿನಲ್ಲಿ ಏನಿದೆ ಎಂಬ ಪ್ರಶ್ನೆ ವರ್ಷಪೂರ್ತಿಯದು.

ಮೊದಲು ನೈಟ್ರೇಟಿನ ಮಾತು. ಕಬ್ಬಿಗೆ ಹೆಕ್ಟೇರಿಗೆ ಸುಮಾರು 250 ಕಿಲೊ ಸಾರಜನಕ ಬೇಕೆಂಬ ಶಿಫಾರಸನ್ನು ಯೂರಿಯಾ ಲೆಕ್ಕಕ್ಕೆ ತಂದರೆ ಎಕರೆಗೆ ಹತ್ತಿರ ಹತ್ತಿರ ಐದು ಚೀಲ. ಶಿಫಾರಸಿನಷ್ಟೇ ಹಾಕುವ ರೈತ ಎಷ್ಟು ಜನ ಎಂಬುದನ್ನು ಸದಸ್ಯರು ತಮ್ಮ ಹೊಲ ನೆನೆದೇ ಹೇಳಬಲ್ಲರು. ಬೆಳೆ ಹೀರಿಕೊಳ್ಳದೆ ಉಳಿದದ್ದು ನೈಟ್ರೇಟಾಗಿ, ಹಾಯಿಸಿದ ನೀರಿನ ಜೊತೆ ಕೆಳಗಿಳಿದು ಬೋರು ಸೇರುತ್ತದೆ. ತಿಪ್ಪೆ, ಶೌಚಗುಂಡಿಗಳದ್ದೂ ಅದಕ್ಕೆ ಕೂಡುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಪ್ರಕಾರ ಲೀಟರಿಗೆ 45 ಮಿಲಿಗ್ರಾಂ ದಾಟಕೂಡದು. ಇದರಲ್ಲಿ ವಿನಾಯಿತಿಯೇ ಇಲ್ಲ. ದಾಟಿದ ನೀರಿನಲ್ಲಿ ಹಾಲಿನ ಪುಡಿ ಕಲಸಿ ಕುಡಿಸಿದರೆ ಎಳೆಗೂಸಿನ ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಂಡು ಮೈ ನೀಲಿಗಟ್ಟಬಹುದು. ಕುದಿಸಿದರೆ ಹೋಗುತ್ತದೆ ಎಂದು ನಂಬಿದವರು ಬಹಳ ಮಂದಿ. ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದು ಗಟ್ಟಿಯಾಗುತ್ತದೆ.

ಇದನ್ನು ಅಳೆಯುವ ನೈಟ್ರೇಟ್ ಎಲೆಕ್ಟ್ರೋಡ್ ಪೆನ್ನಿನಷ್ಟು ಉದ್ದದ್ದು. ತುದಿಯಲ್ಲಿ ನೈಟ್ರೇಟನ್ನು ಮಾತ್ರ ಗುರುತಿಸಬೇಕೆಂದು ಮಾಡಿದ ಪ್ಲಾಸ್ಟಿಕ್ ಪೊರೆ. ‘ಮಾತ್ರ’ ಎಂಬಲ್ಲೇ ತೊಡಕಿರುವುದು. ನೀರಿನಲ್ಲಿ ಕ್ಲೋರೈಡ್ ಬಹಳ ಇದ್ದರೆ ಪೊರೆ ಮೋಸಹೋಗುತ್ತದೆ, ಇರುವುದಕ್ಕಿಂತ ಹೆಚ್ಚು ನೈಟ್ರೇಟ್ ತೋರಿಸುತ್ತದೆ. ಅತಿಯಾಗಿ ನೀರು ಹಾಯಿಸಿ ಭೂಮಿ ಸವಳು-ಜವಳಾದ ಜಮಖಂಡಿ, ಮುಧೋಳದ ಕಡೆಯ ಬೋರುಗಳಲ್ಲಿ ಉಪ್ಪಿನಂಶ ಕಡಿಮೆ ಇರುವುದಿಲ್ಲ. ಆದ್ದರಿಂದ ಕ್ಲೋರೈಡನ್ನೂ ಅಳೆದು, ಅದನ್ನು ತೆಗೆದುಹಾಕುವ ದ್ರಾವಣ ಬೆರೆಸಿ ಆಮೇಲೆ ಓದಬೇಕು. ಹೊರದೇಶದ ತಿಳಿನೀರಿನಲ್ಲಿ ಚೆನ್ನಾಗಿ ನಡೆದ ಉಪಕರಣ ಇಲ್ಲಿನ ಸವಳು ನೀರಿನಲ್ಲೂ ಹಾಗೆಯೇ ನಡೆಯುತ್ತದೆ ಎಂದು ಮಾರುವವರು ಹೇಳಿದರೆ ತಲೆಯಾಡಿಸದೆ, ನಮ್ಮ ಬೋರಿನ ನೀರಲ್ಲೇ ಮಾಡಿ ತೋರಿಸಿ ಎನ್ನುವುದು ಲೇಸು.

ಫ್ಲೋರೈಡಿನದು ಇಷ್ಟು ತಕರಾರಿನ ಸ್ವಭಾವವಲ್ಲ. ಇದೇ ಬಾಗಲಕೋಟೆ ಜಿಲ್ಲೆಯ ಅಂತರ್ಜಲದಲ್ಲಿ, ಅದರಲ್ಲೂ ಗ್ರಾನೈಟ್ ಕಲ್ಲಿನ ಹುನಗುಂದ, ಇಳಕಲ್ ಕಡೆ ಫ್ಲೋರೈಡ್ ಇರುವುದು ಹೊಸ ಸುದ್ದಿಯೇನಲ್ಲ. ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆದೀತು; ಅದರ ಮೇಲೆ ಹೋದಂತೆ ಮೊದಲು ಮಕ್ಕಳ ಹಲ್ಲಿನ ಮೇಲೆ ಕಂದು ಗೀರು, ಬಹಳ ವರ್ಷ ಕುಡಿದರೆ ಬೆನ್ನು-ಮೊಣಕಾಲಿನ ಬಿಗಿತ. 1966ರಲ್ಲಿ ಅಮೆರಿಕದ ಫ್ರಾಂಟ್ ಮತ್ತು ರಾಸ್ ಎಂಬಿಬ್ಬರು ಲ್ಯಾಂಥನಮ್ ಫ್ಲೋರೈಡಿನ ಹರಳನ್ನು ಎಲೆಕ್ಟ್ರೋಡ್ ತುದಿಗೆ ಕೂರಿಸಿದರು. ಆ ಹರಳಿನೊಳಗೆ ಫ್ಲೋರೈಡ್ ಬಿಟ್ಟು ಬೇರೆ ಅಯಾನು ಸರಿದಾಡಲಾರದು. ಅರವತ್ತು ವರ್ಷ ಕಳೆದರೂ ಅದನ್ನು ಮೀರಿಸುವಂಥದ್ದು ಬಂದಿಲ್ಲ.

ಬಳಸುವ ಬಗೆ ಹೀಗೆ. ಒಂದು ಬೀಕರಿನಲ್ಲಿ ಬೋರಿನ ನೀರು, ಅಷ್ಟೇ ಅಳತೆಯ ಬಫರ್ ದ್ರಾವಣ. ಬಫರು ಹುಳಿ-ಕ್ಷಾರವನ್ನು ಹದಕ್ಕೆ ತರುತ್ತದೆ, ಕಬ್ಬಿಣ-ಅಲ್ಯೂಮಿನಿಯಂ ಹಿಡಿದಿಟ್ಟುಕೊಂಡ ಫ್ಲೋರೈಡನ್ನು ಬಿಡಿಸುತ್ತದೆ. ನೀರು ತಿರುಗುತ್ತಿರಬೇಕು, ಎಲೆಕ್ಟ್ರೋಡಿನ ತುದಿಗೆ ಗಾಳಿಗುಳ್ಳೆ ಅಂಟಿರಬಾರದು. ಮೀಟರಿನ ಮುಳ್ಳು ಸ್ವಲ್ಪ ಹೊತ್ತು ಓಲಾಡಿ ನಿಲ್ಲುತ್ತದೆ. ಇದಕ್ಕೂ ಮೊದಲು, 1 ಮಿಲಿಗ್ರಾಂ ಮತ್ತು 10 ಮಿಲಿಗ್ರಾಂ ಎಂದು ಗೊತ್ತಿರುವ ಎರಡು ದ್ರಾವಣಗಳಲ್ಲಿ ಅದ್ದಿ ನೋಡಿರಬೇಕು. ಎರಡರ ನಡುವೆ 25 ಡಿಗ್ರಿ ಉಷ್ಣತೆಯಲ್ಲಿ 59 ಮಿಲಿವೋಲ್ಟಿನ ಆಸುಪಾಸು ಅಂತರ ಬಂದರೆ ಎಲೆಕ್ಟ್ರೋಡ್ ನೆಟ್ಟಗಿದೆ. 40 ಬಂದರೆ ಅದು ಸುಸ್ತಾಗಿದೆ, ಅಂದಿನ ಓದು ಕಸದಬುಟ್ಟಿಗೆ. ಪಿಯುಸಿ ವಿಜ್ಞಾನದ ಹುಡುಗಿ ಒಂದು ವಾರದಲ್ಲಿ ಕಲಿಯುವ ಕೆಲಸವಿದು. ಜಮಖಂಡಿ, ಬನಹಟ್ಟಿ, ಮುಧೋಳದ ಕಾಲೇಜುಗಳಲ್ಲಿ ರಸಾಯನಶಾಸ್ತ್ರದ ಲ್ಯಾಬುಗಳಿವೆ, ಮೇಷ್ಟ್ರುಗಳೂ ಇದ್ದಾರೆ. ಒಂದು ಹೊಸ ಬೋರು ಕೊರೆಸುವ ದುಡ್ಡಿನೊಳಗೆ ಇಂಥದ್ದೊಂದು ಸೆಟ್ ಬರುತ್ತದೆ.

ಇಲ್ಲಿ ಟಿಡಿಎಸ್ ಪೆನ್ನಿನ ಬಗ್ಗೆ ಒಂದು ಮಾತು. ಶುದ್ಧ ನೀರಿನ ಘಟಕದಲ್ಲಿ, ಕೊಡ ತುಂಬುವ ಸರದಿಯಲ್ಲಿ ಯಾರಾದರೂ ಅದನ್ನು ಅದ್ದಿ ‘ಎಂಬತ್ತು, ಚಲೋ ಐತಿ’ ಎನ್ನುವುದು ಈಗ ರೂಢಿ. ಅದೂ ವಿದ್ಯುತ್ತಿನ ಅಳತೆಯೇ, ಆದರೆ ಒಟ್ಟು ಲವಣದ್ದು ಮಾತ್ರ. ಆ ಲವಣ ಸುಣ್ಣದ್ದೋ ಅಡುಗೆ ಉಪ್ಪಿನದ್ದೋ ವಿಷದ್ದೋ ಪೆನ್ನಿಗೆ ಗೊತ್ತಾಗುವುದಿಲ್ಲ. ಟಿಡಿಎಸ್ ಮುನ್ನೂರು ಇದ್ದು ಫ್ಲೋರೈಡ್ 3 ಇರುವ ನೀರು ಉಂಟು, ಲೀಟರಿಗೆ 0.01 ಮಿಲಿಗ್ರಾಂ ಮಿತಿಯ ಸೀಸ ಅದರ ಐದು ಪಟ್ಟು ಇದ್ದರೂ ಪೆನ್ನಿನ ಅಂಕಿ ಕದಲುವುದಿಲ್ಲ.

ಹೊಳೆಯ ವಿಚಾರ ಬೇರೆ. ಡಿಸ್ಟಿಲರಿಯಲ್ಲಿ ಒಂದು ಲೀಟರ್ ಮದ್ಯಸಾರ ತೆಗೆದರೆ ಎಂಟರಿಂದ ಹದಿನೈದು ಲೀಟರ್ ಕಪ್ಪು ನೀರು, ಸ್ಪೆಂಟ್ ವಾಶ್, ಉಳಿಯುತ್ತದೆ. ಅದರ ಕೊಳೆಯುವ ಹೊರೆ ಮನೆಗಟಾರದ ನೀರಿನ ನೂರು ಪಟ್ಟಿಗೂ ಮಿಕ್ಕಿದ್ದು. ಅದು ಹೊಳೆಗೆ ಬಿದ್ದರೆ, ಕೊಳೆಸುವ ಬ್ಯಾಕ್ಟೀರಿಯಾ ನೀರಿನ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ. ಸ್ವಚ್ಛ ನೀರಿನಲ್ಲಿ ಲೀಟರಿಗೆ 8 ಮಿಲಿಗ್ರಾಂ ಇರಬೇಕಾದದ್ದು 2ಕ್ಕೆ ಇಳಿದರೆ ಮೀನು ಉಳಿಯುವುದಿಲ್ಲ. 2023ರ ಮಾರ್ಚಿನಲ್ಲಿ ಮೇಲ್ಗಡೆ ಸಾಂಗ್ಲಿಯ ಹತ್ತಿರ ಕೃಷ್ಣೆಯಲ್ಲಿ ಮೀನುಗಳು ರಾಶಿ ರಾಶಿ ಸತ್ತು ತೇಲಿದವು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ತನಕ ಹೋಯಿತು. ಸಾಂಗ್ಲಿಯ ನೀರು ಸಾಂಗ್ಲಿಯಲ್ಲೇ ನಿಲ್ಲುವುದಿಲ್ಲ ಎಂಬುದನ್ನು ಹಿಪ್ಪರಗಿಯ ದಡದವರಿಗೆ ಬಿಡಿಸಿ ಹೇಳಬೇಕಿಲ್ಲ.

ಕರಗಿದ ಆಮ್ಲಜನಕ ಅಳೆಯುವ ಎಲೆಕ್ಟ್ರೋಡನ್ನು 1956ರಲ್ಲಿ ಪ್ರಕಟಿಸಿದವರು ಲೀಲಂಡ್ ಕ್ಲಾರ್ಕ್ ಎಂಬ ಅಮೆರಿಕದ ವಿಜ್ಞಾನಿ, ಅದೂ ಶಸ್ತ್ರಚಿಕಿತ್ಸೆಯ ವೇಳೆ ರಕ್ತದ ಆಮ್ಲಜನಕ ತಿಳಿಯಲು. ಪ್ಲಾಟಿನಂ ತಂತಿ, ಬೆಳ್ಳಿಯ ತಂತಿ, ನಡುವೆ ಉಪ್ಪುನೀರು, ಮೇಲೊಂದು ತೆಳು ಪ್ಲಾಸ್ಟಿಕ್ ಪೊರೆ. ಇದು ವಿಷದ ಹೆಸರು ಹೇಳುವುದಿಲ್ಲ. ಹೊಳೆ ಉಸಿರುಗಟ್ಟುತ್ತಿದೆ ಎಂದಷ್ಟೇ ಹೇಳುತ್ತದೆ, ಆದರೆ ಮೀನು ಸಾಯುವ ಮೊದಲೇ ಹೇಳುತ್ತದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರ ಫೆಬ್ರವರಿಯಲ್ಲಿ 17 ಬಗೆಯ ಹೆಚ್ಚು ಮಾಲಿನ್ಯದ ಉದ್ದಿಮೆಗಳಿಗೆ ದಿನದ 24 ತಾಸೂ ಅಳೆದು ಅಂಕಿ ಕಳಿಸುವ ಆನ್‌ಲೈನ್ ವ್ಯವಸ್ಥೆ ಹಾಕಲು ಸೂಚಿಸಿತು. ಸಕ್ಕರೆ, ಡಿಸ್ಟಿಲರಿ, ಸಿಮೆಂಟು ಮೂರೂ ಆ ಪಟ್ಟಿಯಲ್ಲಿವೆ. ಆದರೆ ಆ ಸೆನ್ಸರುಗಳು ಕೂತಿರುವುದು ಕಾರ್ಖಾನೆಯ ಕೊಳವೆಯ ಬಾಯಲ್ಲಿ. ಕೊಳವೆ ಬಿಟ್ಟು ಬೇರೆ ದಾರಿಯಿಂದ, ರಾತ್ರಿ ಟ್ಯಾಂಕರಿನಲ್ಲಿ ಹೋದದ್ದು ಅವಕ್ಕೆ ಕಾಣುವುದಿಲ್ಲ. ಅದು ಕಾಣಬೇಕಾದರೆ ಅಳತೆ ಹೊಳೆಯಲ್ಲೇ ಆಗಬೇಕು, ನೀರೆತ್ತುವ ಜಾಕ್‌ವೆಲ್ಲಿನ ಹತ್ತಿರವೇ ಆಗಬೇಕು. ಬಣ್ಣದ ಮನೆಗಳ ನೀರಿಗೂ ಇದೇ ಮಾತು. ಕಾಸ್ಟಿಕ್ ಹಾಕಿ ಬಣ್ಣ ಹಿಡಿಸಿದ ನೀರಿನ ಪಿಎಚ್ ಹನ್ನೊಂದರ ಹತ್ತಿರ ಇರುತ್ತದೆ. ಕುಡಿಯುವ ನೀರಿನದು 6.5ರಿಂದ 8.5ರೊಳಗೆ ಇರಬೇಕು. ಹಳ್ಳದ ಪಿಎಚ್ ಒಮ್ಮೆಲೇ ಜಿಗಿದರೆ ಉಳಿದದ್ದನ್ನು ಹುಡುಕಲು ಅಷ್ಟು ಸುಳಿವು ಸಾಕು.

ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್‌ನಂಥ ಲೋಹದ ವಿಷಗಳಿಗೆ ಬೇರೆಯದೇ ಕ್ರಮ. ಪ್ರಾಗ್ ನಗರದ ಯಾರೊಸ್ಲಾವ್ ಹೈರೊವ್‌ಸ್ಕಿ 1922ರಲ್ಲಿ ಪಾದರಸದ ಹನಿ ಬಳಸಿ ಅಡಿಪಾಯ ಹಾಕಿದ ವಿದ್ಯೆ. ಅದಕ್ಕೆ 1959ರ ನೊಬೆಲ್ ಸಂದಿತು. ಎಲೆಕ್ಟ್ರೋಡಿಗೆ ಕೆಲವು ನಿಮಿಷ ಋಣ ವೋಲ್ಟೇಜ್ ಕೊಟ್ಟು ನೀರಿನಲ್ಲಿರುವ ಲೋಹವನ್ನೆಲ್ಲ ಅದರ ಮೇಲೆ ಶೇಖರಿಸುವುದು, ಆಮೇಲೆ ವೋಲ್ಟೇಜನ್ನು ಮೆಲ್ಲಗೆ ಏರಿಸುತ್ತ ಒಂದೊಂದನ್ನೇ ಕರಗಿಸುವುದು. ಕ್ಯಾಡ್ಮಿಯಂ ಮೊದಲು ಬಿಡುತ್ತದೆ, ಸೀಸ ಆಮೇಲೆ, ತಾಮ್ರ ಇನ್ನೂ ತಡವಾಗಿ. ಗ್ರಾಫಿನಲ್ಲಿ ಪ್ರತಿಯೊಂದಕ್ಕೂ ಒಂದು ಗುಡ್ಡ. ಎಲ್ಲಿ ಎದ್ದಿತು ಎಂಬುದು ಲೋಹದ ಹೆಸರು, ಎಷ್ಟು ಎತ್ತರ ಎಂಬುದು ಅದರ ಪ್ರಮಾಣ. ಆದರೆ ಮೊಲ್ಯಾಸಿಸ್ ಬಣ್ಣದ, ಕೊಳೆತ ಸಾವಯವ ವಸ್ತುಗಳಿರುವ ನೀರಿನಲ್ಲಿ ಎಲೆಕ್ಟ್ರೋಡಿಗೆ ಜಿಗುಟು ಹತ್ತಿ ಗುಡ್ಡ ಕುಸಿಯುತ್ತದೆ, ಇರುವ ಸೀಸ ಇಲ್ಲವೆನಿಸುತ್ತದೆ. ಇಂಥ ನೀರನ್ನು ಮೊದಲು ಆಮ್ಲದಲ್ಲಿ ಕಾಯಿಸಿ ಹಸನು ಮಾಡಬೇಕು. ಇದು ಪಂಚಾಯಿತಿ ಕಟ್ಟೆಯ ಕೆಲಸವಲ್ಲ, ಜಿಲ್ಲಾ ಲ್ಯಾಬಿನದು.

ಲೋಹದ ವಿಷ ಅಳೆಯದೆ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಕೃಷ್ಣೆಯ ಕೆಳಹರಿವಿನಲ್ಲಿ, ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾ ಎಂಬ ಪುಟ್ಟ ಊರಿನವರ ಚರ್ಮದ ಮೇಲೆ ಕಪ್ಪು ಮಚ್ಚೆ, ಅಂಗೈ-ಅಂಗಾಲಿನಲ್ಲಿ ಗಂಟು ಕಾಣಿಸಿಕೊಂಡ ಮೇಲೆ ನೀರು ನೋಡಿದರು. ಆರ್ಸೆನಿಕ್ ಇತ್ತು. ಹತ್ತಿರದಲ್ಲೇ ಮಂಗಳೂರು ಎಂಬ ಹಳೆಯ ಚಿನ್ನದ ಗಣಿ. ಆ ಕಲ್ಲಿನಲ್ಲಿ ಚಿನ್ನದ ಜೊತೆ ಆರ್ಸೆನಿಕ್ ಇರುತ್ತದೆ. ವಿಚಿತ್ರವೆಂದರೆ ನೀರಿನ ಆರ್ಸೆನಿಕ್ ಹಿಡಿಯಲು ವಿಜ್ಞಾನಿಗಳು ಹೆಚ್ಚಾಗಿ ನೆಚ್ಚುವುದು ಚಿನ್ನದ ಎಲೆಕ್ಟ್ರೋಡನ್ನೇ. ಆ ತಾಂಡಾದಲ್ಲಿ ಮಾಪನ ಮಾಡಿದ್ದು ಜನರ ಮೈ. ಆ ಸರದಿ ಇನ್ನೊಂದು ಊರಿಗೆ ಬರಬಾರದು.

ಕೀಟನಾಶಕದ ವಿಷಯದಲ್ಲಿ ಸೆನ್ಸರು ಮಾರುವವರು ಹೇಳುವುದನ್ನು ಅರ್ಧಕ್ಕೆ ಇಳಿಸಿ ಕೇಳಬೇಕು. ಆರ್ಗನೋಫಾಸ್ಫರಸ್ ಜಾತಿಯ ಔಷಧಗಳು, ಅಂದರೆ ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್ ಇತ್ಯಾದಿ, ನರಗಳಿಗೆ ಬೇಕಾದ ಒಂದು ಕಿಣ್ವವನ್ನು ಕಟ್ಟಿಹಾಕುತ್ತವೆ. ಅದೇ ಕಿಣ್ವವನ್ನು ಎಲೆಕ್ಟ್ರೋಡ್ ಮೇಲೆ ಲೇಪಿಸಿದರೆ, ವಿಷ ಇರುವ ನೀರಿನಲ್ಲಿ ಕರೆಂಟು ಇಳಿಯುತ್ತದೆ. ಸೊಗಸಾದ ಉಪಾಯ. ಆದರೆ ಅದು ‘ಈ ಜಾತಿಯ ಯಾವುದೋ ಒಂದಿದೆ’ ಎನ್ನುತ್ತದೆಯೇ ಹೊರತು ಯಾವುದೆಂದು ಹೇಳುವುದಿಲ್ಲ. ಕಬ್ಬಿನ ಕಳೆಗೆ ಹೊಡೆಯುವ ಅಟ್ರಜಿನ್, 2,4-ಡಿ ಅದಕ್ಕೆ ಸಿಗುವುದೇ ಇಲ್ಲ. ಕಾಸರಗೋಡಿನ ಎಣ್ಮಕಜೆ, ಪಡ್ರೆಯ ಕನ್ನಡಿಗರ ಮನೆಗಳ ಮೇಲೆ ಗೇರುತೋಟದ ಹೆಲಿಕಾಪ್ಟರುಗಳು ವರ್ಷಗಟ್ಟಲೆ ಸುರಿದ ಎಂಡೋಸಲ್ಫಾನ್ ಕೂಡ ಬೇರೆ ಜಾತಿಯದು. ಸುಪ್ರೀಂ ಕೋರ್ಟು 2011ರಲ್ಲಿ ತಡೆಯುವ ಹೊತ್ತಿಗೆ ಒಂದು ತಲೆಮಾರೇ ನೊಂದಿತ್ತು. ಇಂಥ ಸೆನ್ಸರು ಆಗ ಅಲ್ಲಿ ಇದ್ದಿದ್ದರೂ ‘ಏನೂ ಇಲ್ಲ’ ಎನ್ನುತ್ತಿತ್ತು. ಹಾಗೆಯೇ ರೋಗಾಣು. 2023ರ ಆಗಸ್ಟಿನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ನೀರು ಕುಡಿದು ಜನ ಸತ್ತಾಗ ಮೊದಲು ಎದ್ದದ್ದು ವಿಷದ ಅನುಮಾನ. ಪರೀಕ್ಷೆಯಲ್ಲಿ ಸಿಕ್ಕಿದ್ದು ಕಾಲರಾ. ನೈಟ್ರೇಟ್ ಮೀಟರಿಗೆ ಕಾಲರಾ ಕಾಣುವುದಿಲ್ಲ.

ಹಾಗಾದರೆ ಈಗ ಊರಲ್ಲಿರುವ ನೀರು ಪರೀಕ್ಷೆಯ ಕಿಟ್ ಸಾಲದೆ? 2019ರಲ್ಲಿ ಶುರುವಾದ ಜಲ ಜೀವನ್ ಮಿಷನ್ ಪ್ರತಿ ಹಳ್ಳಿಯಲ್ಲಿ ಐವರಿಗೆ, ಮುಖ್ಯವಾಗಿ ಮಹಿಳೆಯರಿಗೆ, ನೀರು ಪರೀಕ್ಷೆಯ ತರಬೇತಿ ಕೊಡಬೇಕೆಂದಿದೆ. ಒಳ್ಳೆಯ ಕ್ರಮ. ಆದರೆ ಆ ಕಿಟ್ಟಿನಲ್ಲಿ ಹನಿ ಹಾಕಿ ಬಂದ ಬಣ್ಣವನ್ನು ಚಾರ್ಟಿನ ಬಣ್ಣಕ್ಕೆ ಹೋಲಿಸಬೇಕು. ಒಬ್ಬರಿಗೆ ಗುಲಾಬಿ ಎನಿಸಿದ್ದು ಇನ್ನೊಬ್ಬರಿಗೆ ಹಳದಿ. ಸಂಜೆಯ ಬೆಳಕಿನಲ್ಲಿ ಬೇರೆಯದೇ. ಜರಡಿ ಹಿಡಿಯಲು ಕಿಟ್ ಸಾಕು. ಜರಡಿಯಲ್ಲಿ ಸಿಕ್ಕ ಬೋರನ್ನು ಎಲೆಕ್ಟ್ರೋಡಿನಲ್ಲಿ ಅಳೆಯಬೇಕು, ಅದರಲ್ಲೂ ಅನುಮಾನ ಬಂದದ್ದು ದೊಡ್ಡ ಲ್ಯಾಬಿಗೆ ಹೋಗಬೇಕು.

ಅಂಕಿಗೆ ಜಗಳ ಆಡುವುದು ಈ ಸೀಮೆಗೆ ಗೊತ್ತಿಲ್ಲದ್ದೇನಲ್ಲ. ಕಬ್ಬಿನ ದರ, ಎಫ್‌ಆರ್‌ಪಿ, ನಿಂತಿರುವುದೇ ಶೇ 10.25 ಸಕ್ಕರೆ ರಿಕವರಿಯ ಮೇಲೆ, ರಿಕವರಿ 0.1 ಏರಿತೋ ಇಳಿಯಿತೋ ಎಂದು ಕಾರ್ಖಾನೆಯ ಲೆಕ್ಕ ಪ್ರಶ್ನಿಸಿ ರಸ್ತೆಗಿಳಿದ ರೈತರು ನಿಮ್ಮಲ್ಲೇ ಇದ್ದಾರೆ. ಕಬ್ಬಿನ ರಸಕ್ಕೆ ಸುಣ್ಣ ಹಾಕಿ ತಿಳಿ ಮಾಡುವಾಗ ಪಿಎಚ್ ಏಳರ ಹತ್ತಿರ ನಿಲ್ಲಿಸಲು ಅದೇ ಕಾರ್ಖಾನೆಗಳಲ್ಲಿ ಎಲೆಕ್ಟ್ರೋಡು ಹಗಲು-ರಾತ್ರಿ ಅದ್ದಿರುತ್ತದೆ. ಇನ್ನೊಂದು ಸಂಗತಿ: ಆರ್ನಲ್ಡ್ ಬೆಕ್‌ಮನ್ 1934ರಲ್ಲಿ ಮೊದಲ ಆಧುನಿಕ ಪಿಎಚ್ ಮೀಟರು ಮಾಡಿದ್ದು ಯಾವ ವಿಶ್ವವಿದ್ಯಾಲಯದ ಬೇಡಿಕೆಗೂ ಅಲ್ಲ. ಕ್ಯಾಲಿಫೋರ್ನಿಯಾದ ಹಣ್ಣು ಬೆಳೆಗಾರರ ಸಹಕಾರ ಸಂಘದ ರಸಾಯನಜ್ಞನಿಗೆ ನಿಂಬೆರಸದ ಹುಳಿ ಅಳೆಯಬೇಕಿತ್ತು, ಅದಕ್ಕೆ.

ಬೆಳೆಗಾರರು ಸರ್ಕಾರದ ದಾರಿ ಕಾಯದೆ ಕೆಲಸಕ್ಕೆ ಇಳಿದ ಕಥೆ ಇಲ್ಲೂ ಇದೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಜಮಖಂಡಿ ಸೀಮೆಯ ರೈತರು ತಾವೇ ಹಣ ಕೂಡಿಸಿ, ಕಲ್ಲು-ಮಣ್ಣು ಹೊತ್ತು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂದು ಹೆಸರಿಟ್ಟರು. ನೀರು ನಿಲ್ಲಿಸಲು ಅಷ್ಟು ಮಾಡಿದ ನೆಲದಲ್ಲಿ, ನಿಂತ ನೀರಿನ ಗುಣ ತಿಳಿಯಲು ಬೇಕಿರುವುದು ಅದರ ನೂರನೇ ಒಂದು ಪಾಲು.

ಆದ್ದರಿಂದ ಸದಸ್ಯರಲ್ಲಿ ಅರಿಕೆ ಇಷ್ಟು. ಊರಿಗೊಂದು ಸೆನ್ಸರೆಂದು ಟೆಂಡರ್ ಕರೆಯಬೇಡಿ. ಕ್ಯಾಲಿಬ್ರೇಷನ್ ಮಾಡುವ ಕೈ ಇಲ್ಲದಿದ್ದರೆ ಅದು ಆರು ತಿಂಗಳಲ್ಲಿ ಪಾಚಿ ಕಟ್ಟಿ, ಸುಳ್ಳು ಅಂಕಿ ಹೇಳುತ್ತ ಕೂರುತ್ತದೆ. ನಾಲ್ಕಾರು ಪಂಚಾಯಿತಿಗಳು ಕೂಡಿ ಹತ್ತಿರದ ಕಾಲೇಜಿನ ಲ್ಯಾಬಿಗೆ ಫ್ಲೋರೈಡ್, ನೈಟ್ರೇಟ್, ಪಿಎಚ್, ಆಮ್ಲಜನಕದ ಎಲೆಕ್ಟ್ರೋಡು ಕೊಡಿಸಿ. ದ್ರಾವಣಕ್ಕೂ, ಎರಡು ವರ್ಷಕ್ಕೊಮ್ಮೆ ಎಲೆಕ್ಟ್ರೋಡು ಬದಲಿಸಲಿಕ್ಕೂ ಬಜೆಟ್ಟಿನಲ್ಲಿ ಈಗಲೇ ದುಡ್ಡು ತೆಗೆದಿಡಿ. ಕುಡಿಯುವ ನೀರಿನ ಪ್ರತಿ ಬೋರನ್ನೂ ಮಳೆಗೆ ಮೊದಲೊಮ್ಮೆ, ಮಳೆಯ ನಂತರ ಒಮ್ಮೆ ಅಳೆಸಿ. ಹೊಳೆಯ ನೀರನ್ನು ಮಾರ್ಚಿನಿಂದ ಮೇ ತನಕ ವಾರಕ್ಕೊಮ್ಮೆ. ಕಾರ್ಖಾನೆಯ ಆನ್‌ಲೈನ್ ಅಂಕಿಗಳನ್ನು ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಬರೆದು ಕೇಳಿ. ಸುಮ್ಮನೆ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಮುಂದಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಮೊದಲು ಬರೆಸಿ, ಬಂದ ಅಂಕಿಗಳನ್ನು ಬೋರಿನ ಹೆಸರು, ತಾರೀಖು ಸಮೇತ ಪಂಚಾಯಿತಿ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಹಾಕಿಸಿ.